ಡ್ರಮ್ಮಿನ ಗೊಬ್ಬರ ಇಳಿಯದಿದ್ದರೆ

ಹನಿ ನೀರಿನೊಡನೆ ತೆಂಗು, ಅಡಿಕೆಗೆ ಗೊಬ್ಬರ ಕೊಡುವ ಪದ್ಧತಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಬೆಳೆಗಾರ ಬಾಂಧವರಿಗೆ ಹೊಸದೇನಲ್ಲ. ಗೊಬ್ಬರ ಎಳೆಯುವ ವೆಂಚುರಿಯಲ್ಲಿ ತಿರುಗುವ, ಸವೆಯುವ ಭಾಗವೇ ಇಲ್ಲ. ಆದರೂ ಅದು ಕೆಟ್ಟಿತೆಂದು ಕಿತ್ತು ಹೊಸದನ್ನು ತರುವವರುಂಟು. ಬಹುಪಾಲು ದೋಷ ಅದರ ಹಿಂದೆಯೋ ಮುಂದೆಯೋ ಇರುತ್ತದೆ.

ಕಿರಿದಾದ ಕತ್ತಿನಲ್ಲಿ ನೀರು ರಭಸದಿಂದ ನುಗ್ಗಿದಾಗ ಅಲ್ಲಿ ಒತ್ತಡ ಕುಸಿದು ಡ್ರಮ್ಮಿನ ದ್ರಾವಣವನ್ನು ಎಳೆದುಕೊಳ್ಳುತ್ತದೆ. ಇಟಲಿಯ ವಿಜ್ಞಾನಿ ವೆಂಚುರಿ 1797ರಲ್ಲಿ ಪ್ರಕಟಿಸಿದ ತತ್ವವಿದು. ಮುಖ್ಯ ಪೈಪಿನ ವಾಲ್ವು ಪೂರ್ತಿ ತೆರೆದಿದ್ದರೆ ನೀರು ನೇರ ದಾರಿಯಲ್ಲೇ ಹೋಗುತ್ತದೆ, ವೆಂಚುರಿ ಹೀರುವುದಿಲ್ಲ. ವಾಲ್ವನ್ನು ನಿಧಾನವಾಗಿ ಬಿಗಿಮಾಡುತ್ತಾ ಬನ್ನಿ.

ಆಗಲೂ ಹೀರದಿದ್ದರೆ ಡ್ರಮ್ಮಿನಿಂದ ಬರುವ ಕೊಳವೆಯನ್ನು ನೋಡಿ. ಗುಳ್ಳೆಗಳು ಓಡುತ್ತಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ. ಕ್ಲಿಪ್ಪು ಬಿಗಿಮಾಡಬೇಕು, ಸೀಳಿದ ತುದಿಯನ್ನು ಕತ್ತರಿಸಬೇಕು. ಏನೂ ಅಲುಗದಿದ್ದರೆ ಕೊಳವೆಯ ತುದಿಯ ಜಾಲರಿಯೋ ವೆಂಚುರಿಯ ಕತ್ತೋ ಕಟ್ಟಿರುತ್ತದೆ. ಕತ್ತನ್ನು ತಂತಿಯಿಂದ ಕೆರೆಯಬೇಡಿ, ಬಿಸಿನೀರಿನಲ್ಲಿ ನೆನೆಹಾಕಿದರೆ ಸಾಕು.

ಇನ್ನೊಂದು ವಿಚಿತ್ರವುಂಟು. ಕಳೆದ ಬೇಸಿಗೆಯಲ್ಲಿ ನಮ್ಮ ಡ್ರಮ್ಮು ಖಾಲಿಯಾಗುವ ಬದಲು ತುಂಬಿ ಹರಿಯಿತು! ವೆಂಚುರಿ ಬಿಚ್ಚಿ ಒಂದು ಬೆಳಗ್ಗೆಯನ್ನೇ ಕಳೆದೆ. ತಪ್ಪು ಅದರದಲ್ಲ, ನನ್ನದು. ಅಗ್ಗವೆಂದು ಕೆಂಪು ಪೊಟ್ಯಾಷ್ ಕರಗಿಸಿದ್ದೆ. ಅದರ ಕೆಸರು ಮುಂದಿನ ಜಾಲರಿ ಫಿಲ್ಟರನ್ನು ಮುಚ್ಚಿ, ನೀರು ಹಿಂದಕ್ಕೊತ್ತಿತ್ತು. ಬಿಳಿ ಪೊಟ್ಯಾಷನ್ನೇ ಬಳಸಿ, ಬಟ್ಟೆಯಲ್ಲಿ ಸೋಸಿ ಹಾಕಿ. ರಂಜಕದ ಗೊಬ್ಬರವನ್ನೂ ಕ್ಯಾಲ್ಸಿಯಂ ನೈಟ್ರೇಟನ್ನೂ ಒಂದೇ ಡ್ರಮ್ಮಿನಲ್ಲಿ ಬೆರೆಸಿದರೆ ಸುಣ್ಣದಂತೆ ಗಟ್ಟಿಯಾಗಿ ಕೂರುತ್ತದೆ.

ಇವೆಲ್ಲ ಬರೀ ಕೆಲಸ ಕೆಡಿಸುವ ದೋಷಗಳು. ಭಯಪಡಬೇಕಾದದ್ದು ಕರೆಂಟು ಹೋದ ಗಳಿಗೆಗೆ. ಮೋಟರು ನಿಂತು ಪೈಪಿನ ನೀರು ಕೆಳಗಿಳಿಯುವಾಗ ದ್ರಾವಣವನ್ನೂ ಬೋರ್‌ವೆಲ್ಲಿಗೆ ಎಳೆದೊಯ್ಯಬಹುದು. ಮನೆಮಂದಿ, ದನಕರು ಕುಡಿಯುವುದು ಅದೇ ನೀರು. ಯೂರಿಯಾ ಕರಗಿದ್ದು ಕಣ್ಣಿಗೆ ಕಾಣುವುದಿಲ್ಲ. ಬೋರ್‌ವೆಲ್ಲಿಗೂ ವೆಂಚುರಿಗೂ ನಡುವೆ ಹಿಂದಕ್ಕೆ ಬಿಡದ ವಾಲ್ವು ಇರಲೇಬೇಕು.

ಅದು ಹಿಡಿಯುತ್ತಿದೆಯೇ ಎಂದು ನೋಡಲು ಡ್ರಮ್ಮಿಗೆ ಬರೀ ನೀರು ತುಂಬಿ, ವೆಂಚುರಿ ಹೀರುತ್ತಿರುವಾಗಲೇ ಮೋಟರು ನಿಲ್ಲಿಸಿ. ಆಮೇಲೂ ಡ್ರಮ್ಮಿನ ಮಟ್ಟ ಇಳಿಯುತ್ತಿದ್ದರೆ ಕೊಳವೆಯ ನಲ್ಲಿ ಮುಚ್ಚಿ, ವಾಲ್ವು ಬಿಚ್ಚಿಸಿ ನೋಡಿ. ತೋಟ ತಗ್ಗಿನಲ್ಲಿದ್ದರೆ ನೀರು ಮುಂದಕ್ಕೂ ಇಳಿಯಬಹುದು. ಯಾವುದೆಂದು ತಿಳಿಯುವವರೆಗೆ ಡ್ರಮ್ಮಿಗೆ ಗೊಬ್ಬರ ಹಾಕಬೇಡಿ.