ಹುಳು ಹೋಯಿತು, ಕಾಲು ಉಳಿಯಿತು

ದೊಡ್ಡಮ್ಮನಿಗೆ ಚಪ್ಪಲಿ ಬೇಕೆಂದರೆ ಎರಡು ಜೊತೆ ಕೊಳ್ಳಬೇಕಿತ್ತು. ಬಲಗಾಲಿಗೆ ಹೆಂಗಸರ 6 ನಂಬರು, ಎಡಗಾಲಿಗೆ ಗಂಡಸರ 10 ನಂಬರು. ಉಳಿದ ಒಂಟಿ ಚಪ್ಪಲಿಗಳೆರಡು ಅಟ್ಟ ಸೇರುತ್ತಿದ್ದವು. ದುಡ್ಡು ಕೊಟ್ಟು ತಂದದ್ದಲ್ಲವೇ, ಎಸೆಯಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ಸೀರೆಯನ್ನು ನೆಲ ಗುಡಿಸುವಷ್ಟು ಇಳಿಬಿಟ್ಟು ಉಡುತ್ತಿದ್ದಳು. ಮದುವೆಮನೆಗೆ ಎಲ್ಲರಿಗಿಂತ ಮೊದಲು ಹೋಗಿ ಮೂಲೆಯ ಕುರ್ಚಿ ಹಿಡಿದರೆ, ಕೊನೆಯ ಪಂಕ್ತಿ ಎದ್ದು ಜನ ಚದುರುವವರೆಗೂ ಜಾಗ ಬಿಡುತ್ತಿರಲಿಲ್ಲ.

ಒಮ್ಮೆ ರಾತ್ರಿ ಒಂಬತ್ತೂವರೆಗೆ ಆರೋಗ್ಯ ಇಲಾಖೆಯವರು ಟಾರ್ಚು ಹಿಡಿದು ಬಂದು ಮನೆಮಂದಿಯ ಬೆರಳು ಚುಚ್ಚಿ ರಕ್ತ ತೆಗೆದುಕೊಂಡು ಹೋದರು. ಕೆಲವು ದಿನಗಳ ನಂತರ ಸುದ್ದಿ ಬಂತು: ದೊಡ್ಡಮ್ಮನ ರಕ್ತದಲ್ಲಿ ಹುಳು ಇಲ್ಲ. ಅವಳು ಸೀರೆಯ ಅಂಚನ್ನು ಸ್ವಲ್ಪ ಎತ್ತಿ ಕೇಳಿದಳು: “ಹಾಗಾದ್ರೆ ಈ ಕಾಲು ಯಾರದ್ದು?”

ಆನೆಕಾಲು ರೋಗದ ಕಥೆಯೆಲ್ಲ ಆ ಪ್ರಶ್ನೆಯಲ್ಲೇ ಇದೆ.

ರಾತ್ರಿಯೇ ರಕ್ತ ತೆಗೆಯುವುದಕ್ಕೆ ಕಾರಣವಿದೆ. ಆನೆಕಾಲು ತರುವ ಫೈಲೇರಿಯಾ ಹುಳುವಿನ ಮರಿಗಳು ಹಗಲಲ್ಲಿ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿದ್ದು, ಕ್ಯೂಲೆಕ್ಸ್ ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ ಮೈಯ ಮೇಲ್ಪದರದ ರಕ್ತಕ್ಕೆ ಬರುತ್ತವೆ. ಚೀನಾದ ಅಮೊಯ್ ಬಂದರಿನಲ್ಲಿದ್ದ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ 1877ರಲ್ಲಿ ಈ ಹುಳು ಸೊಳ್ಳೆಯ ಮೈಯೊಳಗೆ ಬೆಳೆಯುವುದನ್ನು ಕಂಡ. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ರೊನಾಲ್ಡ್ ರಾಸ್ ಹಿಡಿದದ್ದು ಅದಾದ ಇಪ್ಪತ್ತು ವರ್ಷಗಳ ಮೇಲೆ.

ತೊಂದರೆ ಕೊಡುವುದು ದೊಡ್ಡ ಹುಳು. ದಾರದಷ್ಟು ತೆಳ್ಳಗಿನ ಅದು ದುಗ್ಧನಾಳಗಳಲ್ಲಿ ಗೂಡು ಕಟ್ಟಿಕೊಂಡು ಐದಾರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬದುಕುತ್ತದೆ. ದುಗ್ಧನಾಳವೆಂದರೆ ಮೈಯ ಚರಂಡಿ ಎನ್ನಿ. ಹುಳು ಕೂತ ಕಡೆ ಅದು ಹಿಗ್ಗುತ್ತದೆ, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟಗಳು ಕೆಡುತ್ತವೆ. ಸೋಂಕು ಬಹಳ ಸಲ ಬಾಲ್ಯದಲ್ಲೇ ತಗಲಿರುತ್ತದೆ; ಬಾವು ಕಣ್ಣಿಗೆ ಬೀಳುವುದು ಮದುವೆ, ಮಕ್ಕಳು ಎಲ್ಲ ಆದ ಮೇಲೆ. ಅಷ್ಟರಲ್ಲಿ ಹುಳು ಸತ್ತು ಹೋಗಿರಬಹುದು. ಚರಂಡಿ ಮಾತ್ರ ಸರಿಹೋಗುವುದಿಲ್ಲ. ಗಂಡಸರಲ್ಲಿ ಇದೇ ಹುಳು ವೃಷಣದ ಬಾವು ತರುತ್ತದೆ. ಅದಕ್ಕೆ ಶಸ್ತ್ರಚಿಕಿತ್ಸೆ ಇದ್ದರೂ ಲುಂಗಿಯೊಳಗೇ ಮುಚ್ಚಿಟ್ಟುಕೊಂಡು ವರ್ಷಗಟ್ಟಲೆ ನರಳುವವರೇ ಹೆಚ್ಚು.

ಕಾಲು ದಪ್ಪವಾಗುತ್ತಾ ಹೋಗುವುದಕ್ಕೆ ಇನ್ನೊಂದು ಕಾರಣ ಕಾಲ್ಬೆರಳ ಸಂದಿಯಲ್ಲಿದೆ. ಊದಿದ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ನಡುವೆ ಗಾಳಿಯಾಡುವುದಿಲ್ಲ, ಚರ್ಮ ಕೊಳೆತು ಬಿರಿಯುತ್ತದೆ. ಆ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ಚಳಿಜ್ವರ, ಕೆಂಪೇರಿದ ಕಾಲು, ತೊಡೆಸಂದಿಯಲ್ಲಿ ಗಡ್ಡೆ, ನಾಲ್ಕೈದು ದಿನ ಹಾಸಿಗೆ. ಒಂದೊಂದು ಜ್ವರಕ್ಕೂ ಕಾಲು ಒಂದು ಸುತ್ತು ಹೆಚ್ಚುತ್ತದೆ. ದೊಡ್ಡಮ್ಮ ಇದಕ್ಕೆ ಅಮಾವಾಸ್ಯೆ–ಹುಣ್ಣಿಮೆಯ ಲೆಕ್ಕ ಹಾಕುತ್ತಿದ್ದಳು. ಲೆಕ್ಕ ಹಾಕಬೇಕಿದ್ದದ್ದು ಬೆರಳ ಸಂದಿಯ ಬಿರುಕುಗಳದ್ದು.

ಕರಾವಳಿಯ ಜಿಲ್ಲೆಗಳಲ್ಲಷ್ಟೇ ಅಲ್ಲ, ಕಲಬುರಗಿ, ಯಾದಗಿರಿ, ಬೀದರ್ ಕಡೆಯೂ ಈ ರೋಗ ಬೇರೂರಿತ್ತು. ಡಿಇಸಿ, ಅಲ್ಬೆಂಡಜೋಲ್ ಜೊತೆ ಐವರ್‌ಮೆಕ್ಟಿನ್ ಸೇರಿಸಿ, ಆರೋಗ್ಯವಾಗಿರುವವರಿಗೂ ಮೂರು ಔಷಧ ನುಂಗಿಸುವ ಕ್ರಮ ದೇಶದಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. “ನಂಗೇನೂ ಆಗಿಲ್ಲ, ಮಾತ್ರೆ ಯಾಕೆ?” ಎಂದು ಸೆರಗಿನ ಗಂಟಿಗೆ ಕಟ್ಟಿಕೊಳ್ಳುವವರು ಎಲ್ಲ ಊರಲ್ಲೂ ಇದ್ದಾರೆ. ನುಂಗಿದ ಮೇಲೆ ಕೆಲವರಿಗೆ ಜ್ವರ, ತಲೆಸುತ್ತು ಬರುವುದು ನಿಜ. ಒಳಗಿನ ಹುಳು ಸಾಯುವಾಗ ಹಾಗಾಗುತ್ತದೆ. ಶ್ರೀಲಂಕಾ 2016ರಲ್ಲೇ ಈ ರೋಗದಿಂದ ಪಾರಾಯಿತು. ಭಾರತ ಇಟ್ಟುಕೊಂಡಿರುವ ಗಡುವು 2027. ಗುರಿ ಮುಟ್ಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಬೇಕಾದರೆ ಹರಡುವಿಕೆ ನಿಂತರಷ್ಟೇ ಸಾಲದು, ಈಗಾಗಲೇ ಕಾಲು ಊದಿದವರಿಗೆ ಆರೈಕೆ ಸಿಗುತ್ತಿದೆ ಎಂದೂ ತೋರಿಸಬೇಕು. ಮಾತ್ರೆ ನುಂಗಿಸಿದ ದಿನ ಸಿಗುವ ಪ್ರಚಾರ ಈ ಎರಡನೇ ಮಾತಿಗೆ ಸಿಗುವುದಿಲ್ಲ ಎಂಬುದು ನನ್ನ ತಕರಾರು.

ಆರೈಕೆಯಾದರೂ ಎಷ್ಟು ಸರಳ! ಸೋಪು, ತಣ್ಣೀರು, ಹತ್ತಿಬಟ್ಟೆ. ಮಲಗುವಾಗ ಕಾಲಡಿಗೆ ದಿಂಬು, ಆಗಾಗ ಪಾದ ತಿರುಗಿಸುವ ವ್ಯಾಯಾಮ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಇದರ ಜೊತೆಗೆ ಆಯುರ್ವೇದ, ಯೋಗ, ಬಿಗಿಪಟ್ಟಿ ಎಲ್ಲವನ್ನೂ ಸೇರಿಸಿ ಕಾಲಿನ ಗಾತ್ರ ಇಳಿಸುತ್ತಾರೆ.

ದೊಡ್ಡಮ್ಮನಿಗೆ ಕಾಲು ತೊಳೆಯಲು ಕಲಿಸಿದವಳು ಊರಿನ ಒಬ್ಬ ನರ್ಸು. ಅಂಗಳದ ಕಲ್ಲಿನ ಮೇಲೆ ಕೂರಿಸಿ, ಮಂಡಿಯಿಂದ ಕೆಳಕ್ಕೆ ಮೆಲ್ಲಗೆ ಸೋಪು ಹಚ್ಚಿ, ನೀರು ಸುರಿದಳು. “ಪಾತ್ರೆ ತಿಕ್ಕಿದ ಹಾಗೆ ತಿಕ್ಕಬೇಡಿ” ಎಂದಳು. ಆಮೇಲೆ ದೊಡ್ಡಪ್ಪನ ಹಳೆಯ ಪಂಚೆಯ ತುಂಡನ್ನು ಬತ್ತಿಯಂತೆ ಹೊಸೆದು ಒಂದೊಂದೇ ಬೆರಳ ಸಂದಿಯಲ್ಲಿ ಎಳೆದಳು, ತೇವ ಪೂರ್ತಿ ಆರುವವರೆಗೆ. ದೊಡ್ಡಮ್ಮ ನಾಚಿ ಮುಖ ಆಚೆ ತಿರುಗಿಸಿದ್ದಳು. ಆ ಕಾಲನ್ನು ಬೇರೆಯವರು ಮುಟ್ಟಿ ಎಷ್ಟು ವರ್ಷವಾಗಿತ್ತೋ.

ಆ ವರ್ಷ ಜ್ವರ ಬಂದದ್ದು ಒಂದೇ ಸಲ. ದೀಪಾವಳಿಗೆ ಚಪ್ಪಲಿ ಕೊಳ್ಳಲು ಹೋದಾಗ ಅಂಗಡಿಯವನು ಕೇಳದೆಯೇ 10 ನಂಬರು ತೆಗೆದಿಟ್ಟ. ದೊಡ್ಡಮ್ಮ ಹಾಕಿ ನೋಡಿ, ಎರಡು ಹೆಜ್ಜೆ ನಡೆದು, “ಸಡಿಲ ಆಯ್ತು, 9 ಕೊಡು” ಎಂದಳು.