ಮೂರು ಲಕ್ಷ ಕಿಲೋಮೀಟರ್ ಓಡಿದ ಎಂಜಿನ್ ಇನ್ನೆಷ್ಟು ಬಾಳೀತು?

ರಾಯಚೂರಿನಿಂದ ಮಾನ್ವಿ ದಾಟಿ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ನಮ್ಮ ಪೋತ್ನಾಳವಿದೆ. ಮದುವೆಯ ದಿನಗಳು ಬಂದರೆ ಸಾಕು, ಈ ರಸ್ತೆಯಲ್ಲಿ ಹಳೆಯ ಇನ್ನೋವಾ ಗಾಡಿಗಳ ಸಾಲು. ಮಂತ್ರಾಲಯ, ಶ್ರೀಶೈಲ, ತಿರುಪತಿಗೆ ಹೊರಟ ಕುಟುಂಬಗಳಿಗೂ ಅದೇ ಗಾಡಿ ಬೇಕು. ಆ ಹಳೆಯ ಮಾದರಿಯ ತಯಾರಿಕೆ 2016ರಲ್ಲೇ ನಿಂತಿತು. ಆದರೂ ಭತ್ತ ಮಾರಿದ ಹಣಕ್ಕೆ ಒಂದಿಷ್ಟು ಸಾಲ ಸೇರಿಸಿ, ‘ಮಗನಿಗೊಂದು ದುಡಿಮೆಯಾಗಲಿ’ ಎಂದು ಸೆಕೆಂಡ್ ಹ್ಯಾಂಡ್ ಇನ್ನೋವಾ ಕೊಳ್ಳುವವರು ಕಡಿಮೆಯಾಗಿಲ್ಲ. ಕೊಳ್ಳುವವರ ಪ್ರಶ್ನೆ ಒಂದೇ: ‘ಮೂರು ಲಕ್ಷ ಓಡಿದೆಯಲ್ಲ, ಎಂಜಿನ್ ಇನ್ನೂ ಬಾಳೀತೇ?’ ಮಾರುವವರ ಉತ್ತರವೂ ಒಂದೇ: ‘ಟೊಯೊಟಾ ಎಂಜಿನ್ ಸ್ವಾಮಿ, ಏನೂ ಆಗಂಗಿಲ್ಲ!’

ಹೆಸರು ಉತ್ತರವಲ್ಲ. ಉತ್ತರ ಆ ಎಂಜಿನ್ನಿನ ಅಂಕಿಗಳಲ್ಲಿದೆ. ಹೈಸ್ಕೂಲಿನ ಗಣಿತ, ವಿಜ್ಞಾನ ಬಲ್ಲ ಯಾರು ಬೇಕಾದರೂ ಅವನ್ನು ಓದಬಹುದು.

ಬಿಡದಿಯ ಎರಡು ಗಾಡಿಗಳು

ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿರುವ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾದದ್ದು 1997ರಲ್ಲಿ. ಅದರ ಮೊದಲ ಗಾಡಿ ಕ್ವಾಲಿಸ್ 2000ದಲ್ಲಿ ಮಾರುಕಟ್ಟೆಗೆ ಬಂತು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ಈ ಎರಡರ ಡೀಸೆಲ್ ಎಂಜಿನ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಕ್ವಾಲಿಸ್‌ನದು 2446 ಸಿ.ಸಿ., 75 ಅಶ್ವಶಕ್ತಿ. ಇನ್ನೋವಾದ್ದು 2494 ಸಿ.ಸಿ., 102 ಅಶ್ವಶಕ್ತಿ. ಗಾತ್ರದಲ್ಲಿ ಹೆಚ್ಚಿದ್ದು ಶೇಕಡಾ 2 ಮಾತ್ರ, ಶಕ್ತಿಯಲ್ಲಿ ಹೆಚ್ಚಿದ್ದು ಶೇಕಡಾ 36!

ಸಿ.ಸಿ. ಎಂದರೆ ಘನ ಸೆಂಟಿಮೀಟರ್. ಇನ್ನೋವಾದ 2ಕೆಡಿ-ಎಫ್‌ಟಿವಿ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿವೆ. ಒಂದೊಂದರ ವ್ಯಾಸ 92 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 93.8 ಮಿಲಿಮೀಟರ್. ಸಿಲಿಂಡರಿನ ಘನಫಲದ ಸೂತ್ರ ನಿಮಗೆ ಗೊತ್ತೇ ಇದೆ. 3.1416 × 4.6 × 4.6 × 9.38 ಎಂದರೆ ಸುಮಾರು 623.5. ಇದನ್ನು ನಾಲ್ಕರಿಂದ ಗುಣಿಸಿ. ಬರುವುದು 2494.

ಈಗ ಶಕ್ತಿಯನ್ನೂ ಪರೀಕ್ಷಿಸೋಣ. ಈ ಎಂಜಿನ್ನಿನ ತಿರುಚುಬಲ, ಅಂದರೆ ಟಾರ್ಕ್, 200 ನ್ಯೂಟನ್-ಮೀಟರ್. ನಿಮಿಷಕ್ಕೆ 3600 ಸುತ್ತು ಎಂದರೆ ಸೆಕೆಂಡಿಗೆ 60 ಸುತ್ತು. ಅದನ್ನು 2 × 3.1416ರಿಂದ ಗುಣಿಸಿದರೆ ಕೋನವೇಗ 377. ಟಾರ್ಕನ್ನು ಕೋನವೇಗದಿಂದ ಗುಣಿಸಿದರೆ 75,400 ವ್ಯಾಟ್. ಒಂದು ಮೆಟ್ರಿಕ್ ಅಶ್ವಶಕ್ತಿ 735.5 ವ್ಯಾಟ್ ಆದ್ದರಿಂದ ಉತ್ತರ 102ಕ್ಕಿಂತ ತುಸು ಹೆಚ್ಚು. ಕಂಪನಿ ಹೇಳಿದ ಅಂಕಿಗೆ ನಿಮ್ಮ ಲೆಕ್ಕ ತಾಳೆಯಾಯಿತಲ್ಲವೇ?

ಹೆಚ್ಚಿನ ಬಲ ಎಲ್ಲಿಂದ ಬಂತು?

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಚ್ಚುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಅದರ ಗಾತ್ರದ ಸುಮಾರು ಹದಿನೆಂಟನೆಯ ಒಂದು ಭಾಗಕ್ಕೆ ಅಮುಕಿದಾಗ ಅದು ಐನೂರು ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಆ ಕಾದ ಗಾಳಿಗೆ ಡೀಸೆಲ್ ಸಿಂಪಡಿಸಿದರೆ ತಾನಾಗಿ ಹತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಇದನ್ನು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಯಶಸ್ವಿಯಾಗಿ ಮಾಡಿ ತೋರಿಸಿದ.

ಹೆಚ್ಚು ಶಕ್ತಿ ಬೇಕೆಂದರೆ ಹೆಚ್ಚು ಡೀಸೆಲ್ ಸುಡಬೇಕು. ಅದಕ್ಕೆ ಹೆಚ್ಚು ಗಾಳಿ ಬೇಕು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಕಿ ಎಂಬ ಎಂಜಿನಿಯರ್ 1905ರಲ್ಲಿ ಇದಕ್ಕೊಂದು ಉಪಾಯಕ್ಕೆ ಪೇಟೆಂಟ್ ಪಡೆದ. ಹೊರಗೆ ಹೋಗುವ ಬಿಸಿಹೊಗೆಯಿಂದಲೇ ಒಂದು ಚಕ್ರ ತಿರುಗಿಸು. ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಒಳಗೆ ತಳ್ಳು. ಇದೇ ಟರ್ಬೊ. ಕಾರುಗಳಿಗೆ ಟರ್ಬೊ-ಡೀಸೆಲ್ ಬಂದದ್ದು ಮಾತ್ರ ಬಹಳ ತಡವಾಗಿ, 1978ರಲ್ಲಿ, ಮರ್ಸಿಡಿಸ್ ಬೆಂಜ್ ಕಂಪನಿಯಿಂದ. ಕ್ವಾಲಿಸ್‌ಗೆ ಟರ್ಬೊ ಇರಲಿಲ್ಲ, ಇನ್ನೋವಾಕ್ಕೆ ಇತ್ತು. ಜೊತೆಗೆ ಡೀಸೆಲನ್ನು ಅತಿ ಹೆಚ್ಚು ಒತ್ತಡದಲ್ಲಿ ಸಿಂಪಡಿಸುವ ‘ಕಾಮನ್ ರೈಲ್’ ವ್ಯವಸ್ಥೆಯೂ ಇತ್ತು.

ಲೀಟರಿಗೆ ಎಷ್ಟು ಕುದುರೆ?

ಎತ್ತಿನ ಬಾಳಿಕೆ ಅದರ ಮೈಕಟ್ಟಿನ ಮೇಲಷ್ಟೇ ನಿಂತಿಲ್ಲ, ಹೇರಿದ ಹೊರೆಯ ಮೇಲೂ ನಿಂತಿದೆ. ಎಂಜಿನ್ನಿಗೂ ಇದೇ ಮಾತು. ಅಶ್ವಶಕ್ತಿಯನ್ನು ಲೀಟರಿನಲ್ಲಿ ಹೇಳಿದ ಗಾತ್ರದಿಂದ ಭಾಗಿಸಿದರೆ ಹೊರೆಯ ಅಂದಾಜು ಸಿಗುತ್ತದೆ.

ಡೀಸೆಲ್ ಪಂಪ್‌ಸೆಟ್ಟಿನ ಒಂಟಿ ಸಿಲಿಂಡರಿನ ಕಿರ್ಲೋಸ್ಕರ್ ಎಂಜಿನ್ ರೈತರಿಗೆ ಪರಿಚಿತ. ಅದರ ಎ.ವಿ.1 ಮಾದರಿ 553 ಸಿ.ಸಿ.ಯದು, ನಿಮಿಷಕ್ಕೆ 1500 ಸುತ್ತಿನಲ್ಲಿ 5 ಅಶ್ವಶಕ್ತಿ. ಅಂದರೆ ಲೀಟರಿಗೆ 9. (ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯ ಸೈಕಲ್ ಅಂಗಡಿಯಿಂದ ಉದ್ಯಮ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ ಹೆಸರೇ ಈ ಪಂಪಿನ ಮೇಲೂ ಬಿಡದಿಯ ಕಾರ್ಖಾನೆಯ ಮೇಲೂ ಇದೆ.) ಕ್ವಾಲಿಸ್‌ನದು ಲೀಟರಿಗೆ 31, ಇನ್ನೋವಾದ್ದು 41. ಆಮೇಲೆ 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾದ 2.4 ಲೀಟರ್ ಎಂಜಿನ್ 150 ಅಶ್ವಶಕ್ತಿಯದು, ಲೀಟರಿಗೆ 63.

ಇನ್ನೊಂದು ಅಂಶ ಗಮನಿಸಿ. ಹಳೆಯ ಇನ್ನೋವಾದ ಇದೇ ಎಂಜಿನ್ನಿಗೆ ಗಾಳಿ ತಂಪು ಮಾಡುವ ಇಂಟರ್‌ಕೂಲರ್ ಮೊದಲಾದವನ್ನು ಜೋಡಿಸಿ, ವಿದೇಶದ ಹೈಲಕ್ಸ್ ಗಾಡಿಗಳಲ್ಲಿ 144 ಅಶ್ವಶಕ್ತಿಯವರೆಗೆ ದುಡಿಸಿದ್ದಾರೆ. ನಮ್ಮಲ್ಲಿ 102ಕ್ಕೇ ನಿಲ್ಲಿಸಿದರು. ಗಟ್ಟಿಮುಟ್ಟಾದ ಎತ್ತಿಗೆ ಅರ್ಧ ಗಾಡಿ ಹೇರಿದಂತೆ. ಇನ್ನೋವಾದ ಬಾಳಿಕೆಯ ಮುಖ್ಯ ಗುಟ್ಟು ಇದೇ. ಹಾಗೆಂದು ಲೀಟರಿಗೆ ಹೆಚ್ಚು ಶಕ್ತಿ ಕೊಡುವ ಎಂಜಿನ್ ಬೇಗ ಸಾಯಲೇಬೇಕೆಂದಿಲ್ಲ. ಲೋಹ, ಆಯಿಲ್, ನಿಯಂತ್ರಣ ಎಲ್ಲವೂ ಸುಧಾರಿಸಿವೆ. ಆದರೆ ಆರೈಕೆಯಲ್ಲಿ ತಪ್ಪಿದಾಗ ಹೊರೆ ಕಡಿಮೆಯಿದ್ದ ಎಂಜಿನ್ ಹೆಚ್ಚು ತಾಳಿಕೊಳ್ಳುತ್ತದೆ.

ನಮ್ಮ ಧೂಳು, ನಮ್ಮ ಬಿಸಿಲು

ತಾಳಿಕೊಳ್ಳುವುದಕ್ಕೂ ಮಿತಿಯಿದೆ. ನಮ್ಮ ಸೀಮೆಯಲ್ಲಿ ಮೊದಲ ಶತ್ರು ಧೂಳು. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. ನಿಮಿಷಕ್ಕೆ 2500 ಸುತ್ತಿನಲ್ಲಿ 2.5 ಲೀಟರ್ ಎಂಜಿನ್ ಎಳೆಯುವ ಗಾಳಿ ಟರ್ಬೊ ಲೆಕ್ಕ ಬಿಟ್ಟರೂ 3100 ಲೀಟರ್. ಒಂದು ಗಂಟೆಯಲ್ಲಿ ಹತ್ತು ಅಡಿ ಉದ್ದ, ಅಗಲ, ಎತ್ತರದ ಆರು ಕೋಣೆಗಳ ಗಾಳಿಯನ್ನೂ ಮೀರುತ್ತದೆ! ಭತ್ತದ ಸುಗ್ಗಿಯಲ್ಲಿ ಕಟಾವು ಯಂತ್ರದ ಹಿಂದೆ ಹೋಗುವ ಗಾಡಿ ನುಂಗುವುದು ಎಂಥ ಗಾಳಿ ಎಂದು ಯೋಚಿಸಿ. ರಸ್ತೆ ಧೂಳಿನಲ್ಲಿರುವ ಸಿಲಿಕಾ ಕಣ ಕಬ್ಬಿಣಕ್ಕಿಂತ ಗಡುಸು. ಏರ್ ಫಿಲ್ಟರ್ ಹರಿದಿದ್ದರೆ ಅದು ಸಿಲಿಂಡರನ್ನು ಉಜ್ಜುಕಾಗದದಂತೆ ಉಜ್ಜುತ್ತದೆ. ಇನ್ನೂರು ಕಿಲೋಮೀಟರ್ ಡಾಂಬರು ರಸ್ತೆಗೂ ಇಪ್ಪತ್ತು ಕಿಲೋಮೀಟರ್ ಕಾಲುವೆ ದಂಡೆಯ ದಾರಿಗೂ ಇರುವ ವ್ಯತ್ಯಾಸ ಮೀಟರಿನಲ್ಲಿ ಕಾಣದು.

ಎರಡನೆಯದು ಬಿಸಿಲು. ಗಾಳಿ ಕಾದಷ್ಟೂ ತೆಳುವಾಗುತ್ತದೆ. 15 ಡಿಗ್ರಿಯ ಗಾಳಿಗಿಂತ 45 ಡಿಗ್ರಿಯ ಗಾಳಿಯಲ್ಲಿ, ಅಷ್ಟೇ ಜಾಗದಲ್ಲಿ, ಆಮ್ಲಜನಕ ಸುಮಾರು ಶೇಕಡಾ 9ರಷ್ಟು ಕಡಿಮೆ. ಬೇಸಿಗೆಯಲ್ಲಿ ಎಂಟು ಜನರನ್ನು ತುಂಬಿ, ಎ.ಸಿ. ಹಾಕಿ ಓಡಿಸುವಾಗ ‘ಪಿಕಪ್ ಇಲ್ಲ’ ಎನ್ನಿಸುವುದಕ್ಕೆ ಇದೂ ಒಂದು ಕಾರಣ. ರೇಡಿಯೇಟರಿನ ಜಾಲರಿಯಲ್ಲಿ ಹೊಟ್ಟು, ಕಸ ಕಟ್ಟಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತದೆ. ಒಮ್ಮೆ ಹಾಗೆ ಕಾದರೆ ಸಿಲಿಂಡರ್ ಹೆಡ್ ಸೊಟ್ಟಗಾಗಬಹುದು.

ಸೋಲುವ ಮೂರು ಜಾಗಗಳು

ಮೊದಲನೆಯದು ಟರ್ಬೊ. ಅದರ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಬಲ್ಲದು. ಅದನ್ನು ಹೊತ್ತಿರುವುದು ತೆಳ್ಳಗಿನ ಆಯಿಲ್ ಪೊರೆ. ವೇಗವಾಗಿ ಬಂದು ತಕ್ಷಣ ಕೀಲಿ ತಿರುಗಿಸಿ ಆರಿಸಿದರೆ ಆಯಿಲ್ ಹರಿವು ನಿಲ್ಲುತ್ತದೆ. ಕಾದ ಟರ್ಬೊದೊಳಗಿನ ಆಯಿಲ್ ಸುಟ್ಟು ಕರಿಕಟ್ಟುತ್ತದೆ. ಅದಕ್ಕೇ ದೂರದ ಓಟದ ನಂತರ ಒಂದೆರಡು ನಿಮಿಷ ನಿಂತಲ್ಲೇ ಎಂಜಿನ್ ಓಡಿಸಿ ಆರಿಸಬೇಕು.

ಎರಡನೆಯದು ಇಂಜೆಕ್ಟರ್. ಕಾರಿನ ಟೈರಿನಲ್ಲಿ ಇರುವುದು ಸುಮಾರು 2 ವಾಯುಭಾರದ ಒತ್ತಡ. ಇಲ್ಲಿರುವುದು ಸಾವಿರಕ್ಕೂ ಮೇಲೆ. ಡೀಸೆಲ್ ಹೊರಬರುವ ರಂಧ್ರಗಳು ತೀರಾ ಸಣ್ಣವು. ಟ್ರ್ಯಾಕ್ಟರಿಗೆಂದು ಬ್ಯಾರಲ್ಲಿನಲ್ಲಿಟ್ಟ, ನೀರು ಸೇರಿದ ಡೀಸೆಲ್ಲನ್ನು ಕ್ವಾಲಿಸ್ ಒಂದಿಷ್ಟು ಸಹಿಸೀತು, ಕಾಮನ್ ರೈಲ್ ಸಹಿಸದು. ಇಂಜೆಕ್ಟರ್ ಬುಡದ ವಾಷರ್ ಸೋರಿದರೆ ಮಸಿ ಆಯಿಲಿಗೆ ಸೇರಿ, ಆಯಿಲ್ ಎಳೆಯುವ ಜಾಲರಿ ಕಟ್ಟಿಕೊಳ್ಳುತ್ತದೆ. ಇದೇ ಕುಟುಂಬದ 3 ಲೀಟರ್ ಎಂಜಿನ್ನಿನಲ್ಲಿ ಆಸ್ಟ್ರೇಲಿಯಾದ ಮಾಲೀಕರು ಈ ತೊಂದರೆ ಅನುಭವಿಸಿದ್ದಾರೆ.

ಮೂರನೆಯದು ಟೈಮಿಂಗ್ ಬೆಲ್ಟ್. ರಬ್ಬರಿನ ಈ ಪಟ್ಟಿ ಹರಿದರೆ ವಾಲ್ವುಗಳಿಗೆ ಪಿಸ್ಟನ್ ಬಡಿದು ಎಂಜಿನ್ ಹಾಳಾಗುತ್ತದೆ. ಒಂದರಿಂದ ಒಂದೂವರೆ ಲಕ್ಷ ಕಿಲೋಮೀಟರಿಗೊಮ್ಮೆ, ಗಾಡಿಯ ಕೈಪಿಡಿ ಹೇಳಿದಂತೆ, ಅದನ್ನು ಬದಲಿಸಲೇಬೇಕು.

ಮುಂಗಡ ಕೊಡುವ ಮುನ್ನ

ಗಂಟೆಗೆ ಸರಾಸರಿ 50 ಕಿಲೋಮೀಟರಿನಂತೆ ಮೂರು ಲಕ್ಷ ಓಡಲು 6000 ಗಂಟೆ ಬೇಕು. ನಿಮಿಷಕ್ಕೆ 2000 ಸುತ್ತೆಂದರೆ ಎಂಜಿನ್ 72 ಕೋಟಿ ಸುತ್ತು ತಿರುಗಿದೆ. ನಿಮಿಷಕ್ಕೆ 72 ಬಾರಿ ಬಡಿಯುವ ನಮ್ಮ ಹೃದಯ ಅಷ್ಟು ಬಡಿಯಲು 19 ವರ್ಷ ಬೇಕು. ಅಂದರೆ ಚೆನ್ನಾಗಿ ನೋಡಿಕೊಂಡ ಎಂಜಿನ್ನಿಗೆ ಮೂರು ಲಕ್ಷ ಪ್ರಾಯದ ವಯಸ್ಸು. ನೋಡಿಕೊಳ್ಳದ್ದಕ್ಕೆ ಅದೇ ಮುಪ್ಪು. ಯಾವುದೆಂದು ತಿಳಿಯಲು ಹೀಗೆ ಮಾಡಿ.

ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಹೋಗಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಸಂಶಯಪಡಿ. ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ನೋಡಿ. ಕಪ್ಪು ಹೊಗೆ ಎಂದರೆ ಡೀಸೆಲ್ಲಿಗೆ ತಕ್ಕ ಗಾಳಿ ಇಲ್ಲ: ಫಿಲ್ಟರ್, ಟರ್ಬೊ ಅಥವಾ ಇಂಜೆಕ್ಟರ್ ದೋಷ. ನೀಲಿ ಎಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ರೇಡಿಯೇಟರಿನ ನೀರು ಒಳಸೇರುತ್ತಿದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಜಾಗರೂಕತೆಯಿಂದ ತೆಗೆಸಿ. ಬುಸುಬುಸು ಹೊಗೆ ನುಗ್ಗಿದರೆ ಪಿಸ್ಟನ್ ರಿಂಗುಗಳು ಸವೆದಿವೆ. ಮೀಟರಿನ ಅಂಕಿಯನ್ನು ತಿದ್ದಬಹುದು. ಸರ್ವಿಸ್ ರಸೀದಿಗಳ ಸಾಲು, ದಿನಾಂಕಗಳನ್ನು ತಿದ್ದುವುದು ಕಷ್ಟ. ಬೆಲ್ಟ್ ಯಾವಾಗ ಬದಲಿಸಿದರು ಎಂಬುದಕ್ಕೆ ರಸೀದಿ ಕೇಳಿ. ನಂಬಿಕೆಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಲು ಕೊಡುವ ಹಣ ಸಾಲದ ಒಂದು ಕಂತಿಗೂ ಸಮವಾಗದು.

ಕಾಗದಪತ್ರಗಳನ್ನೂ ಮರೆಯಬೇಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ಪರೀಕ್ಷೆಗೊಳಗಾಗಿ ನವೀಕರಣವಾಗಬೇಕು. ಬಿಳಿ ನಂಬರ್ ಫಲಕದ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ. ದುಡಿಮೆಗೆಂದೇ ಕೊಳ್ಳುವವರು ಆ ವಯಸ್ಸಿನ ಗಾಡಿಗೆ ಪರ್ಮಿಟ್ ಸಿಗುತ್ತದೆಯೇ ಎಂದು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಯೇ ಮುಂಗಡ ಕೊಡಬೇಕು.

ಪಾಲಕರೇ, ಗಾಡಿ ನೋಡಲು ಹೊರಟಾಗ ಹತ್ತನೇ ತರಗತಿ ಓದುವ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ಯಿರಿ. ಕೈಯಲ್ಲೊಂದು ನೋಟ್‌ಬುಕ್ ಇರಲಿ. ಹೊಗೆಯ ಬಣ್ಣ, ರಸೀದಿಯ ದಿನಾಂಕ, ಓಡಿದ ಕಿಲೋಮೀಟರ್, ಬೆಲ್ಟ್ ಬದಲಿಸಿದ ತಾರೀಖು ಎಲ್ಲವನ್ನೂ ಅವರೇ ಬರೆದುಕೊಳ್ಳಲಿ. ಮನೆಗೆ ಬಂದು ಲೆಕ್ಕ ಹಾಕಿ, ಮರುದಿನ ಮಾತು ಕೊಡಿ.