ಜೀತದ ಸಾಲ ತೀರಿಸಬೇಕಿಲ್ಲ: ಬಿಡುಗಡೆ ಪತ್ರ ಪಡೆಯುವ ಬಗೆ

1787ರಲ್ಲಿ ಅಮೆರಿಕದ ಸಂವಿಧಾನ ಬರೆದವರು ದಕ್ಷಿಣದ ರಾಜ್ಯಗಳು ಕೈಬಿಟ್ಟು ಹೋಗದಿರಲೆಂದು ಗುಲಾಮಗಿರಿಯನ್ನು ಹಾಗೆಯೇ ಉಳಿಸಿದರು. ಪ್ರಾತಿನಿಧ್ಯದ ಲೆಕ್ಕಕ್ಕೆ ಐವರು ಗುಲಾಮರನ್ನು ಮೂವರೆಂದು ಎಣಿಸಿದರು. ನಮ್ಮ ಸಂವಿಧಾನ ಅಂಥ ಲೆಕ್ಕ ಹಾಕಲಿಲ್ಲ. ಅದರ 23ನೇ ವಿಧಿ ಬಿಟ್ಟಿ ಚಾಕರಿಯನ್ನು ಅಪರಾಧವೆಂದಿತು. ಆದರೆ ಶಿಕ್ಷೆ ಗೊತ್ತುಮಾಡುವ ಕೆಲಸವನ್ನು 35ನೇ ವಿಧಿ ಸಂಸತ್ತಿಗೆ ವಹಿಸಿತು, ಆದಷ್ಟು ಬೇಗ ಮಾಡಬೇಕೆಂದು. ಜೀತಕ್ಕೆಂದೇ ಕೇಂದ್ರದ ಸುಗ್ರೀವಾಜ್ಞೆ ಜಾರಿಗೆ ಬಂದದ್ದು 1975ರ ಅಕ್ಟೋಬರ್ 25ಕ್ಕೆ, ಕಾಯ್ದೆಯಾದದ್ದು 1976ರಲ್ಲಿ. ಜಮೀನುದಾರರನ್ನು ಎದುರು ಹಾಕಿಕೊಳ್ಳಲು ಹಿಂಜರಿದ ಆ ಕಾಲು ಶತಮಾನದ ಬೆಲೆ ತೆತ್ತವರಲ್ಲಿ ಹೆಚ್ಚಿನವರು ದಲಿತರು.

ಕಾಯ್ದೆ ಪೆಟ್ಟು ಕೊಡುವುದು ಸಾಲಕ್ಕೇ. ಮುಂಗಡ ಪಡೆದವನು ಪುಡಿಗಾಸಿಗೆ ದುಡಿಯಬೇಕಾಗಿದ್ದರೆ, ಇಲ್ಲವೇ ಬೇರೆಡೆ ಕೂಲಿಗೆ ಹೋಗುವ ಸ್ವಾತಂತ್ರ್ಯ ಕಳೆದುಕೊಂಡಿದ್ದರೆ, ಅದು ಜೀತ. ಆ ಸಾಲ ಅಲ್ಲಿಗೆ ರದ್ದು. ಮತ್ತೆ ವಸೂಲಿ ಮಾಡಿದರೆ ಅದೇ ಒಂದು ಅಪರಾಧ. ಇದು ಜೀತದ ಸಾಲವಲ್ಲ ಎಂದು ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು, ದುಡಿದವನಲ್ಲ. ಜೀತಕ್ಕೆ ಇಟ್ಟುಕೊಂಡವನಿಗೆ 3 ವರ್ಷದವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ. ದಂಡದ ಮೊತ್ತ ಇಂದಿಗೆ ನಾಚಿಕೆಗೇಡು.

ಬಿಡುಗಡೆ ಕೋರಿ, ಉದಾಹರಣೆಗೆ, ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಸುತ್ತಿನ ಹಳ್ಳಿಯವರು ಗೌರಿಬಿದನೂರಿನ ತಹಸೀಲ್ದಾರರಿಗೋ, ಚಿಕ್ಕಬಳ್ಳಾಪುರದ ಉಪವಿಭಾಗಾಧಿಕಾರಿಗೋ, ಜಿಲ್ಲಾಧಿಕಾರಿಗೋ ಅರ್ಜಿ ಕೊಡಬಹುದು. ನೆಂಟರು, ಸಂಘಟನೆಯವರು ಕೊಟ್ಟರೂ ನಡೆಯುತ್ತದೆ. ಮುಂಗಡ ಎಷ್ಟು, ಯಾವಾಗ ಪಡೆದದ್ದು, ಲೆಕ್ಕದ ಪುಸ್ತಕ ಯಾರ ಬಳಿ ಇದೆ, ದಿನಕ್ಕೆಷ್ಟು ಕೈಗೆ ಬರುತ್ತದೆ, ಹಬ್ಬಕ್ಕೆ ಊರಿಗೆ ಹೊರಟರೆ ಮಕ್ಕಳನ್ನು ಬಿಟ್ಟುಹೋಗು ಎನ್ನುತ್ತಾರೆಯೇ: ಇವನ್ನೆಲ್ಲ ಅರ್ಜಿಯಲ್ಲಿ ಬಿಡಿಸಿ ಬರೆಯಿರಿ. ಬರಹದ ಕರಾರು ಇಲ್ಲದಿದ್ದರೂ ಚಿಂತೆಯಿಲ್ಲ, ಬಾಯಿಮಾತಿನ ಒಪ್ಪಂದವನ್ನೂ ಕಾಯ್ದೆ ಒಪ್ಪುತ್ತದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ವಿಚಾರಣೆಯಲ್ಲಿ ದುಡಿಸುವವನ ಎದುರಿಗೆ ಮಾತಾಡಿಸಿದರೆ ಯಾರೂ ಬಾಯಿ ಬಿಡುವುದಿಲ್ಲ. ಹೇಳಿಕೆಯನ್ನು ಬೇರೆ ಕಡೆ ದಾಖಲಿಸಿ ಎಂದು ಪಟ್ಟು ಹಿಡಿಯಿರಿ. ಜೀತ ಖಚಿತವಾದರೆ ಬಿಡುಗಡೆ ಪತ್ರ ಸಿಗಬೇಕು. 2016ರ ಕೇಂದ್ರ ಯೋಜನೆಯಲ್ಲಿ ಪುನರ್ವಸತಿಗೆ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಅತಿ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ನಿಗದಿಯಾಗಿತ್ತು. ಗುಡಿಸಲು ಖಾಲಿ ಮಾಡಿಸುವುದನ್ನೂ ಕಾಯ್ದೆ ತಡೆಯುತ್ತದೆ.

ಊರ ಹಿರಿಯರು ಕೂತು "ಸಾಲ ಬಿಟ್ಟುಬಿಡ್ತಾರೆ, ನೀನೂ ಕೇಸು ಬಿಡು" ಎನ್ನಬಹುದು. ಒಪ್ಪಬೇಡಿ. ಬಿಡುಗಡೆ ಪತ್ರ ಕೈಗೆ ಬರುವವರೆಗೆ ಯಾವ ರಾಜಿ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ.